ಆರುನೂರ ನಲವತ್ತು ಮುಚ್ಚಳಗಳು

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಅವಳನ್ನು ಎಲ್ಲರೂ ಬುಗುರಿ ಅಂತಲೇ ಕರೆಯುವುದು. ಹೆಸರಿಟ್ಟವನು ನಾನು, ಇಟ್ಟದ್ದಕ್ಕೆ ನನಗೇನೂ ಬೇಸರವಿಲ್ಲ. ಅವಳ ಮೇಜೂ ನನ್ನ ಮೇಜೂ ಒಂದಕ್ಕೊಂದು ಅಂಟಿಕೊಂಡಿವೆ. ಅವಳು ಕುರ್ಚಿಯಲ್ಲಿ ಕೂತು ಕಾಲು ಕುಣಿಸಲು ಶುರು ಮಾಡಿದಳೆಂದರೆ ಈ ಕಡೆ ನನ್ನ ಲೋಟದ ಚಹಾ ಚೆಲ್ಲುತ್ತದೆ. ಹನ್ನೊಂದು ವರ್ಷದಿಂದ ನಾನು ಅರ್ಧ ಲೋಟ ಚಹಾ ಕುಡಿದುಕೊಂಡೇ ಕೆಲಸ ಮಾಡುತ್ತಿದ್ದೇನೆ.

ನಾನು ಕಡತ ನೋಡಿಕೊಳ್ಳುವವನು. ಯಾರ ರಜೆ, ಯಾರ ಬಡ್ತಿ, ಯಾರ ಮೇಲೆ ಯಾರ ದೂರು, ಎಲ್ಲ ನನ್ನ ಕೈ ದಾಟಿಯೇ ಮೇಲೆ ಹೋಗಬೇಕು. ಅವಳು ನಕ್ಷೆ ವಿಭಾಗ. ವಿಭಾಗ ಎಂದರೆ ಅವಳೊಬ್ಬಳು, ಒಂದು ಕಂಪ್ಯೂಟರು, ಹಳೆಯ ನಕ್ಷೆಗಳನ್ನು ಸುರುಳಿ ಸುತ್ತಿಟ್ಟ ಒಂದು ಬೀರು. ವಯಸ್ಸು ನಲವತ್ನಾಲ್ಕು. ಒಂದು ಕಡೆ ಕೂತು ಒಂದು ಕೆಲಸ ಮುಗಿಸಿದ್ದನ್ನು ನಾನು ನೋಡಿಲ್ಲ, ಆದರೆ ಕೆಲಸ ಮುಗಿಯದೆ ಉಳಿದದ್ದನ್ನೂ ನೋಡಿಲ್ಲ. ಹೇಗೆ ಮಾಡುತ್ತಾಳೋ ದೇವರೇ ಬಲ್ಲ.

ಎರಡು ವರ್ಷದ ಹಿಂದೆ ನಮ್ಮ ಬೀದಿಗಳ ಕೆಳಗಿರುವ ಕೊಳವೆ, ವಾಲ್ವ್ ಎಲ್ಲವನ್ನೂ ಕಂಪ್ಯೂಟರಿಗೆ ಸೇರಿಸಿದರು. ಒಂದೊಂದು ವಾಲ್ವಿಗೆ ಒಂದೊಂದು ಸಾಲು: ಅದರ ಸಂಖ್ಯೆ, ಯಾವ ಬೀದಿ, ಎಷ್ಟು ಇಂಚಿನದು, ಅಳತೆ ಮಾಡಿದವರು ಯಾರು, ಯಾವ ದಿನ, ಎಷ್ಟು ಗಂಟೆಗೆ; ಕೊನೆಯಲ್ಲಿ, ಭೂಮಿಯ ಮೇಲೆ ಅದು ಎಲ್ಲಿದೆ ಎಂದು ಹೇಳುವ ಎರಡು ಉದ್ದುದ್ದ ಅಂಕಿ. ಹೀಗೆ ಆರುನೂರ ನಲವತ್ತು ಸಾಲು ಡೇಟಾಬೇಸಿನಲ್ಲಿ ಹೋಗಿ ಕೂತವು. ಅಷ್ಟೇ. ಅವನ್ನು ನಕ್ಷೆಯ ಮೇಲೆ ಚುಕ್ಕಿಯಾಗಿ ಕಂಡವರು ಯಾರೂ ಇರಲಿಲ್ಲ. ನೋಡುವ ಸಾಧನವೇ ಇಲ್ಲವಲ್ಲ.

ಅಳತೆ ಮಾಡಿದವನು ಅವಳ ಅಣ್ಣ. ನಮ್ಮಲ್ಲೇ ದಿನಗೂಲಿಯ ಮೇಲೆ ನೀರು ಬಿಡುವ ಕೆಲಸ ಅವನದು. ಆಳೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು ಬೆಳಗಿನ ಜಾವವೇ ಬೀದಿ ಸುತ್ತುತ್ತಾನೆ. ಮುಚ್ಚಳ ಎತ್ತಿ, ಕೀಲಿ ಇಳಿಸಿ, ವಾಲ್ವ್ ತಿರುಗಿಸಿ ಇಂಥ ಬೀದಿಗೆ ಇಷ್ಟು ಹೊತ್ತು ಎಂದು ನೀರು ಬಿಡುತ್ತಾನೆ. ಅದಕ್ಕೇ ಅವನು ಎಲ್ಲರಿಗೂ ಕೀಲಿಯಣ್ಣ. ಟಾರಿನ ಕೆಳಗೆ ಹೂತುಹೋದ ಮುಚ್ಚಳವನ್ನು ಸಹ ಕಾಲಿನಲ್ಲಿ ತಟ್ಟಿ ತೋರಿಸಬಲ್ಲವನು ಊರಿನಲ್ಲಿ ಅವನೊಬ್ಬನೇ. ಇಪ್ಪತ್ತೆರಡು ವರ್ಷ ಹೀಗೆ ತಟ್ಟಿದರೂ ಅವನ ಕೆಲಸ ಕಾಯಂ ಆಗಿರಲಿಲ್ಲ. ಜ್ವರ ಬಂದು ಮಲಗಿದರೆ ಆ ದಿನ ಹೋಯಿತು. ಮುದಿತನದಲ್ಲಿ ಪಿಂಚಣಿಯೂ ಇಲ್ಲ. ಈ ಸಲ ಕಾಯಂ ಮಾಡುವ ಕಡತ ಮೇಲೆ ಹೋಗಿತ್ತು. ಸಿದ್ಧ ಮಾಡಿದವನು ನಾನೇ. ‘ಆರುನೂರ ನಲವತ್ತು ವಾಲ್ವ್‌ಗಳ ಸ್ಥಳವನ್ನು ಏಕಾಂಗಿಯಾಗಿ ನಿಖರವಾಗಿ ಗುರುತಿಸಿದ್ದಾರೆ’ ಎಂದು ಬರೆದು, ‘ನಿಖರವಾಗಿ’ ಎಂಬುದಕ್ಕೆ ಅಡಿಗೆರೆ ಬೇರೆ ಎಳೆದಿದ್ದೆ. ಇದು ಕೊನೆಯ ಅವಕಾಶ. ಐವತ್ತು ತುಂಬಿದ ದಿನಗೂಲಿಯವರನ್ನು ಕಾಯಂ ಮಾಡುವಂತಿಲ್ಲ, ಕೀಲಿಯಣ್ಣನಿಗೆ ಐವತ್ತು ತುಂಬಲು ಎರಡು ತಿಂಗಳೂ ಉಳಿದಿರಲಿಲ್ಲ.

ಅವನು ಜ್ವರದಿಂದ ಮಲಗಿದ್ದಾಗಲೇ ಒಂದು ದೊಡ್ಡ ಕೊಳವೆ ಒಡೆಯಿತು. ಬದಲಿಗೆ ಹೋದವನು ವಾಲ್ವ್ ಸಿಗದೆ ಮೂರು ಕಡೆ ರಸ್ತೆ ಅಗೆದ. ಅಷ್ಟರಲ್ಲಿ ಎರಡು ಬೀದಿಯ ಮನೆಗಳೊಳಗೆ ಮಂಚದ ಕಾಲು ಮುಳುಗುವಷ್ಟು ನೀರು ನುಗ್ಗಿತ್ತು. ಮಾರನೆಯ ದಿನ ಇಂಜಿನಿಯರ್ ಸಾಹೇಬರು ಬುಗುರಿಯನ್ನು ಕರೆದರು.

“ಡೇಟಾಬೇಸಲ್ಲಿ ಎಲ್ಲ ಇದೆ ಅಂತೀರಿ. ಇದ್ದು ಏನ್ರೀ ಬಂತು? ನನಗೆ ಪರದೆ ಮೇಲೆ ಕಾಣ್ಬೇಕು, ರಸ್ತೆಯಲ್ಲಿ ನಿಂತವನಿಗೆ ಅವನ ಫೋನಲ್ಲಿ ಕಾಣ್ಬೇಕು. ಯಾವ ಸಾಫ್ಟ್‌ವೇರ್ ಆಗುತ್ತೆ ಅಂತ ಹತ್ತು ದಿನದಲ್ಲಿ ಹೇಳಿ,” ಅಂದರು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಅವಳು ಬಾಲ ಸುಟ್ಟ ಬೆಕ್ಕಿನ ಹಾಗೆ ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಬೀರುವಿಗೆ ಓಡಾಡತೊಡಗಿದಳು. ಮೂರು ಸಾಫ್ಟ್‌ವೇರ್ ಅವಳ ಮುಂದಿದ್ದವು. ಮೊದಲನೆಯದು ಕೋಟು ಹಾಕಿಕೊಂಡು ಬಂದ ಕಂಪನಿಯವನದು. ಅದರಲ್ಲಿ ನಕ್ಷೆ ಮದುವೆಮನೆಯ ಹಾಗೆ ಝಗಮಗ ಅನ್ನುತ್ತಿತ್ತು. ಎರಡನೆಯದು ಯಾರು ಬೇಕಾದರೂ ಇಳಿಸಿಕೊಂಡು ಕಂಪ್ಯೂಟರಿಗೆ ಹಾಕಿಕೊಳ್ಳಬಹುದಾದದ್ದು. ಡೇಟಾಬೇಸಿಗೆ ನೇರವಾಗಿ ಕೈಹಾಕಿ ಏನು ಬೇಕಾದರೂ ತೋರಿಸುತ್ತದೆ. ಆದರೆ ತೆರೆದ ಕೂಡಲೇ ನೂರೆಂಟು ಬಟನ್ನು, ಯಾವುದೋ ಒಂದನ್ನು ಅಪ್ಪಿತಪ್ಪಿ ಮುಟ್ಟಿದರೆ ವಾಲ್ವು ಪಕ್ಕದ ಬೀದಿಗೆ ಹೋಗಿ ಕೂರುತ್ತದೆ. ನಾನೇ ಒಮ್ಮೆ ಮುಟ್ಟಿ ಬೈಸಿಕೊಂಡೆ. ಮೂರನೆಯದಕ್ಕೆ ಅವಳಿಟ್ಟ ಹೆಸರು ಬಡಪಾಯಿ. ಅದು ಬರೀ ಬ್ರೌಸರಿನಲ್ಲಿ ತೆರೆದುಕೊಳ್ಳುವ ಒಂದು ಪುಟ: ಡೇಟಾಬೇಸಿನಲ್ಲಿದ್ದ ಸಾಲುಗಳನ್ನು ಇದ್ದದ್ದು ಇದ್ದ ಹಾಗೆ ಚುಕ್ಕಿ ಮಾಡಿ ತೋರಿಸುತ್ತದೆ, ಚುಕ್ಕಿ ಒತ್ತಿದರೆ ಆ ಸಾಲು ಓದಿ ಹೇಳುತ್ತದೆ. ಬಣ್ಣವಿಲ್ಲ, ಬಿನ್ನಾಣವಿಲ್ಲ. ಎಂಥ ಹಳೆಯ ಫೋನಿನಲ್ಲೂ ಓಡುತ್ತದೆ.

“ಹಾಗಾದ್ರೆ ಮೂರನೇದು ತಗೊಂಡು ಸುಮ್ನೆ ಕೂತ್ಕೋಬಾರ್ದಾ ತಾಯಿ?” ಅಂದೆ.

“ಕೂತ್ಕೋತಿದ್ದೆ ಸಾರ್. ಅದ್ರಲ್ಲಿ ವಾಲ್ವೆಲ್ಲ ರಸ್ತೆ ಬಿಟ್ಟು ಫುಟ್‌ಪಾತ್ ಮೇಲೆ ಹೋಗಿವೆ.”

ನೋಡಿದೆ. ಹೌದು. ಹಳೆಯ ನಕ್ಷೆಯಿಂದ ಎಳೆದ ಕೊಳವೆಯ ಗೆರೆಗಳು ರಸ್ತೆಯ ನಡುವೆ ನೆಟ್ಟಗೆ ಹೋಗುತ್ತಿದ್ದವು. ಚುಕ್ಕಿಗಳು ಮಾತ್ರ ಐದಾರು ಹೆಜ್ಜೆ ಆಚೆ, ಗೋಡೆಗೆ ಆನಿಕೊಂಡು ನಿಂತಿದ್ದವು. ಎರಡನೆಯ ಸಾಫ್ಟ್‌ವೇರಿನಲ್ಲೂ ಅದೇ ಕಥೆ. ಕೋಟಿನವನದರಲ್ಲಿ ಮಾತ್ರ ಪ್ರತಿಯೊಂದು ಚುಕ್ಕಿಯೂ ಗೆರೆಯ ಮೇಲೇ ಕೂತಿತ್ತು.

ಅವಳು ಬಡಪಾಯಿಯನ್ನು ಬಯ್ದಳು, ಅಳಿಸಿದಳು, ಮತ್ತೆ ಹಾಕಿದಳು. ಅಕ್ಷಾಂಶ ರೇಖಾಂಶ ಅದಲುಬದಲಾಗಿದೆಯೇ ಎಂದು ನೋಡಿದಳು. ಇಲ್ಲ. ಹಾಗಾಗಿದ್ದರೆ ನಮ್ಮ ವಾಲ್ವು ಯಾವುದೋ ಸಮುದ್ರದಲ್ಲಿ ಇರುತ್ತಿದ್ದವಂತೆ. ಭೂಮಿಯನ್ನು ಕಾಗದದ ಮೇಲೆ ಹರಡುವ ಲೆಕ್ಕದಲ್ಲಿ ತಪ್ಪಿದೆಯೋ ಎಂದು ಎರಡು ದಿನ ಕಳೆದಳು. ಊಟದ ಡಬ್ಬಿ ತೆರೆಯುವುದು, ಎರಡು ತುತ್ತು ತಿನ್ನುವುದು, ಮುಚ್ಚಿಟ್ಟು ಮತ್ತೆ ಪರದೆಗೆ ಅಂಟಿಕೊಳ್ಳುವುದು. ನನಗೆ ತಲೆ ಚಿಟ್ಟು ಹಿಡಿಯಿತು. ಆರನೆಯ ದಿನ ಒಮ್ಮೆಲೇ ಮೇಜು ಕುಟ್ಟಿದಳು, ಉಳಿದಿದ್ದ ಅರ್ಧ ಲೋಟವೂ ಹೋಯಿತು.

“ಸಾರ್, ಬೆಳಿಗ್ಗೆ ಅಳೆದ ಚುಕ್ಕಿಗಳೆಲ್ಲ ಪೂರ್ವಕ್ಕೆ ಜರುಗಿವೆ. ಮಧ್ಯಾಹ್ನದ ಮೇಲೆ ಅಳೆದವು ಪಶ್ಚಿಮಕ್ಕೆ. ಲೆಕ್ಕ ತಪ್ಪಿದ್ರೆ ಎಲ್ಲಾ ಒಂದೇ ಕಡೆ ಹೋಗ್ಬೇಕಲ್ವಾ? ಊಟದ ಹೊತ್ತು ನೋಡ್ಕೊಂಡು ದಿಕ್ಕು ಬದಲಾಯ್ಸೋ ತಪ್ಪು ಯಾವುದು?”

ನನಗೇನು ಗೊತ್ತು? ಆ ಹೊತ್ತಿಗೆ ಸರಿಯಾಗಿ ಕೀಲಿಯಣ್ಣ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಬಂದ. ತಂಗಿಯ ಹೆಗಲ ಮೇಲಿಂದ ಬಗ್ಗಿ ಪರದೆ ನೋಡಿದ. ಅವನು ಅಳೆದದ್ದನ್ನು ಅವನೇ ನಕ್ಷೆಯ ಮೇಲೆ ನೋಡಿದ್ದು ಅದೇ ಮೊದಲು. ಒಂದು ಬೀದಿ ನೋಡಿದ, ಇನ್ನೊಂದು ಬೀದಿ ನೋಡಿದ, ಆಮೇಲೆ ನಗತೊಡಗಿದ.

“ಇದು ವಾಲ್ವ್ ಅಲ್ಲ ಕಣೇ, ಇದು ನಾನು!”

“ಅಂದ್ರೆ?”

“ಜಾಗ ಅಳೆಯೋಕೆ ಕೊಟ್ಟ ಆ ಯಂತ್ರ ಇದೆಯಲ್ಲ, ಹಿಡ್ಕೊಂಡು ಎರಡು ನಿಮಿಷ ಅಲ್ಲಾಡದ ಹಾಗೆ ನಿಂತ್ರೆನೇ ಅದು ಕುಂಯ್ ಅನ್ನೋದು. ಬೆಂಕಿಯಂಥ ಬಿಸಿಲು. ನಡುರಸ್ತೆಯಲ್ಲಿ ಎಲ್ಲಿ ನಿಂತ್ಕೊಳ್ಳಲಿ? ನೆರಳಿಗೆ ಹೋಗಿ ನಿಂತು ಒತ್ತುತಿದ್ದೆ. ಬೆಳಿಗ್ಗೆ ಆ ಕಡೆ ಗೋಡೆ ನೆರಳು, ಮಧ್ಯಾಹ್ನ ಈ ಕಡೆ. ಬೀದಿ ಅದೇ ತಾನೆ? ಮುಚ್ಚಳ ಎದುರಿಗೇ ಕಾಣ್ತಿರುತ್ತಲ್ಲ.”

ನಾನೂ ನಕ್ಕುಬಿಟ್ಟೆ. ಅವಳು ನಗಲಿಲ್ಲ. “ಎಲ್ಲಾ ಕಡೆನೂ ಹೀಗೇ ಮಾಡಿದ್ಯಾ?” ಎಂದು ಕೇಳಿದಳು. ಅವನು ತಲೆಯಾಡಿಸಿದ. ಅವಳ ಮುಖ ನೋಡುತ್ತ ನೋಡುತ್ತ ಅವನ ನಗುವೂ ಇಳಿಯಿತು. ಕಡತ ನೆನಪಾಗಿರಬೇಕು. ನನಗೂ ನೆನಪಾಯಿತು. ಆ ಅಡಿಗೆರೆ ನನ್ನದೇ ತಾನೆ.

“ಯಾರಿಗೆ ಗೊತ್ತಾಗುತ್ತೆ ಬಿಡು,” ಅಂದ ತಗ್ಗಿದ ದನಿಯಲ್ಲಿ. “ಯಾವುದು ಎಲ್ಲಿದೆ ಅಂತ ನನಗೆ ಗೊತ್ತಲ್ಲ.”

“ನಿನಗೆ ಗೊತ್ತು ಅಣ್ಣ. ನೀನು ಜ್ವರ ಬಂದು ಮಲಗಿದಾಗ ಏನಾಯ್ತು?”

“ಆ ಕೋಟಿನವನದ್ರಲ್ಲಿ ಸರಿಯಾಗಿ ಕಾಣುತ್ತೆ ಅಂದ್ಯಲ್ಲ. ಅದನ್ನೇ ತಗೋ. ಎಲ್ಲರಿಗೂ ಒಳ್ಳೇದಾಯ್ತು.”

ಕೋಟಿನವನಿಗೆ ಫೋನ್ ಮಾಡಿ ಕೇಳಿದಳು. ಅವನು ಹೆಮ್ಮೆಯಿಂದ ಹೇಳಿದನಂತೆ: ನಮ್ಮದು ಗೆರೆ ಬಿಟ್ಟು ನಿಂತ ಚುಕ್ಕಿಯನ್ನು ಕಂಡರೆ ತಾನಾಗಿ ಹತ್ತಿರದ ಗೆರೆಗೆ ಜಾರಿಸಿಬಿಡುತ್ತದೆ ಮೇಡಂ, ನಿಮಗೆ ತಲೆನೋವೇ ಇಲ್ಲ. ಆದರೆ ನಮ್ಮ ಎಷ್ಟೋ ಬೀದಿಗಳಲ್ಲಿ ಎರಡೆರಡು ಕೊಳವೆ ಇವೆ, ಒಂದು ದೊಡ್ಡದು, ಒಂದು ಮನೆಗಳಿಗೆ ಹೋಗುವ ಸಣ್ಣದು. ನೆರಳಿಗೆ ಯಾವುದು ಹತ್ತಿರವೋ ಅದಕ್ಕೆ ಹೋಗಿ ಅಂಟಿಕೊಂಡಿತ್ತು ಚುಕ್ಕಿ. ಕಣ್ಣಿಗೆ ಸೊಗಸು, ಅಗೆಯುವವನಿಗೆ ಗುಂಡಿ ಮೇಲೆ ಗುಂಡಿ.

ಉಳಿದ ನಾಲ್ಕು ದಿನ ಅವಳು ಮನುಷ್ಯಳಾಗಿರಲಿಲ್ಲ. ಅಣ್ಣತಂಗಿ ಒಂದೇ ಮನೆಯಲ್ಲಿ ಮೇಲೆ ಕೆಳಗೆ ಇರುವವರು. ರಾತ್ರಿ ನಿದ್ದೆ ಇಲ್ಲವೆಂದು ಅವಳ ಕಣ್ಣೇ ಹೇಳುತ್ತಿತ್ತು. ಉಗುರು ಕಚ್ಚಿದಳು, ಕಚ್ಚಲು ಉಗುರು ಮುಗಿದ ಮೇಲೆ ಪೆನ್ನಿನ ಮುಚ್ಚಳ ಕಚ್ಚಿದಳು. ವರದಿ ಬರೆಯುವುದು, ಹರಿಯುವುದು. ಹರಿದದ್ದನ್ನು ನನ್ನ ಬುಟ್ಟಿಗೇ ಹಾಕುತ್ತಿದ್ದಳು. ಒಂದು ಚೂರಿನಲ್ಲಿ ‘ಕಂಪನಿಯ ಸಾಫ್ಟ್‌ವೇರ್ ಸೂಕ್ತ’ ಎಂದಿತ್ತು, ಇನ್ನೊಂದರಲ್ಲಿ ‘ಸೂಕ್ತವಲ್ಲ’.

ನಾನು ಏನು ಹೇಳಿದೆ ಎಂಬುದನ್ನು ಮುಚ್ಚಿಡುವುದಿಲ್ಲ. “ಅಣ್ಣನ ಕಡತಕ್ಕೆ ಸಹಿ ಆಗೋವರೆಗೆ ಬಾಯಿಗೆ ಬೀಗ ಹಾಕ್ಕೋ. ಆಮೇಲೆ ನಿಧಾನಕ್ಕೆ ತಿದ್ದಿದ್ರಾಯ್ತು,” ಅಂದೆ.

“ಸಾಹೇಬ್ರು ಮೀಟಿಂಗ್ ಆದ ದಿನವೇ ಆ ನಕ್ಷೆ ಎಲ್ಲರ ಫೋನಿಗೂ ಹಾಕ್ತಾರೆ ಸಾರ್. ಅವತ್ತೇ ಎಲ್ಲಾದ್ರೂ ಒಡೆದ್ರೆ?”

ನನಗೆ ಸಿಟ್ಟು ಬಂತು. “ನಿನ್ನಿಷ್ಟ, ಹಾಳಾಗು,” ಎಂದು ಕಡತ ಎತ್ತಿಕೊಂಡು ಹೋದೆ.

ಮೀಟಿಂಗಿನಲ್ಲಿ ಕೋಟಿನವನು ಮೊದಲು ತೋರಿಸಿದ. ಸಾಹೇಬರ ಮುಖ ಅರಳಿತು. “ಇದು ನಕ್ಷೆ ಅಂದ್ರೆ!” ಅಂದರು. ಆಮೇಲೆ ಅವಳು ಎದ್ದಳು. ಬಡಪಾಯಿಯನ್ನು ಗೋಡೆಯ ಮೇಲೆ ಬಿಟ್ಟಳು, ಫುಟ್‌ಪಾತಿನ ಮೇಲೆ ಸಾಲಾಗಿ ಚುಕ್ಕಿ. ಯಾರೋ ಕಿಸಕ್ಕೆಂದರು. ಅವಳು ಸಾಹೇಬರನ್ನು ಕಿಟಕಿಗೆ ಕರೆದಳು. ನಮ್ಮ ಗೇಟಿನ ಎದುರಿಗೇ, ನಡುರಸ್ತೆಯಲ್ಲಿ, ಇನ್ನೂರ ಹನ್ನೆರಡನೆಯ ವಾಲ್ವಿನ ಮುಚ್ಚಳ ಹೊಳೆಯುತ್ತಿತ್ತು. ಕೋಟಿನವನ ನಕ್ಷೆಯಲ್ಲಿ ಅದು ರಸ್ತೆಯ ಆಚೆ ಬದಿಯ ಸಣ್ಣ ಕೊಳವೆಯ ಮೇಲಿತ್ತು.

“ತಪ್ಪು ಇರೋದು ಅಳತೆಯಲ್ಲಿ ಸರ್. ನನ್ನ ಸಾಫ್ಟ್‌ವೇರ್ ಅದನ್ನ ತೋರಿಸ್ತಿದೆ, ಇವರದು ಮುಚ್ಚಾಕ್ತಿದೆ. ನಮಗೆ ತೋರಿಸೋದೇ ಬೇಕು.”

“ಅಳತೆ ಮಾಡಿದ್ದು ಯಾರು?”

ಅವರಿಗೆ ಗೊತ್ತಿಲ್ಲವೇ? ಅವರ ಮೊಣಕೈ ಕೆಳಗೇ ಆ ಕಡತ ಇತ್ತು. ಕೀಲಿಯಣ್ಣ ಬಾಗಿಲ ಹತ್ತಿರ ಉಳಿದ ನೀರು ಬಿಡುವವರ ಜೊತೆ ನಿಂತಿದ್ದ.

“ನಮ್ಮಣ್ಣ ಸರ್. ಸರಿಯಾಗಿದೆ ಅಂತ ಸಹಿ ಹಾಕಿದ್ದು ನಾನು. ಸಾಲು ಎಣಿಸಿದೆ, ನಕ್ಷೆ ಮೇಲೆ ನೋಡಲಿಲ್ಲ,” ಅಂದಳು.

ಸಾಹೇಬರು ಬಡಪಾಯಿಯನ್ನೇ ಆರಿಸಿದರು. ಕಡತವನ್ನು ಮಾತ್ರ ಪಕ್ಕಕ್ಕೆ ಸರಿಸಿ, “ಆರುನೂರ ನಲವತ್ತೂ ಸರಿಯಾಗಲಿ, ಆಮೇಲೆ ಇದಕ್ಕೆ ಸಹಿ,” ಅಂದರು. ಕೀಲಿಯಣ್ಣನಿಗೆ ಐವತ್ತು ತುಂಬಲು ನಲವತ್ತೆಂಟು ದಿನ ಇತ್ತು. ಅವನು ತಂಗಿಯ ಕಡೆ ತಿರುಗಿಯೂ ನೋಡದೆ ಹೊರಟುಹೋದ.

ಆವತ್ತಿನಿಂದ ಮಾತು ಬಂದ್. ಅತ್ತಿಗೆ ಮೆಟ್ಟಿಲ ಮೇಲೆ ಎದುರಾದರೂ ಮುಖ ತಿರುಗಿಸುತ್ತಿದ್ದಳಂತೆ. ಅಣ್ಣ ಬೆಳಗಿನ ನೀರು ಬಿಟ್ಟು ಮುಗಿಸಿ, ಯಂತ್ರ ಹಿಡಿದು ಹೊರಡುವನು. ಒಂದೊಂದು ಮುಚ್ಚಳದ ಮೇಲೂ ನಿಂತು, ಬಂದ ಬಂದ ಗಾಡಿಯವರ ಕೈಲಿ ಬೈಸಿಕೊಂಡು, ಎರಡು ನಿಮಿಷ ಸುಟ್ಟುಕೊಂಡು ಒತ್ತುವನು. ಇಲ್ಲಿ ಪರದೆಯಲ್ಲಿ ಒಂದು ಚುಕ್ಕಿ ಗೋಡೆ ಬಿಟ್ಟು ನಡುರಸ್ತೆಗೆ ಹಾರುವುದು. ಅವಳಿಗೆ ಅವನ ಸುದ್ದಿ ಸಿಗುತ್ತಿದ್ದದ್ದು ಅಷ್ಟೇ. ಚುಕ್ಕಿ ಹಾರಿದರೆ ಉಸಿರು ಬಿಡುವಳು, ಅರ್ಧ ಗಂಟೆ ಹಾರದಿದ್ದರೆ ಎದ್ದು ಓಡಾಡುವಳು. ಒಮ್ಮೆ ತಡೆಯಲಾರದೆ ಆ ಬೀದಿಗೇ ಹೋಗಿ, ಅವನು ಅಂಗಡಿ ಕಟ್ಟೆಯ ಮೇಲೆ ಕೂತು ನೀರು ಕುಡಿಯುವುದನ್ನು ಮರೆಯಲ್ಲಿ ನಿಂತು ನೋಡಿ ಬಂದಳು. “ಕತ್ತೆಲ್ಲ ಸುಲಿದುಹೋಗಿದೆ ಸಾರ್,” ಎಂದು ನನ್ನೆದುರಿಗೆ ಅತ್ತಳು. ನನಗೆ ಅಳುವವರನ್ನು ಕಂಡರೆ ಆಗುವುದಿಲ್ಲ. ಮುಖ ತೊಳೆದುಕೊಂಡು ಬಾ ಎಂದು ಗದರಿದೆ.

ಕೊನೆಯ ದಿನ ಬಂತು. ಆರುನೂರ ಮೂವತ್ತೊಂಬತ್ತು ಚುಕ್ಕಿ ರಸ್ತೆಯ ಮೇಲಿದ್ದವು. ಬಟ್ಟೆ ಅಂಗಡಿಗಳ ಹಿಂದಿನ ಓಣಿಯ ಎಂಬತ್ತೆಂಟನೆಯದು ಮಾತ್ರ ಗೋಡೆಗೆ ಒರಗಿಕೊಂಡೇ ಇತ್ತು. ಮೂರು ಗಂಟೆಗೆ ಹಾಗೇ ಇತ್ತು, ನಾಲ್ಕಕ್ಕೂ ಹಾಗೇ. ಸಾಹೇಬರು ಕಚೇರಿ ಬಿಡುವುದು ಐದೂವರೆಗೆ. ನಾಲ್ಕೂವರೆಗೆ ಅವಳು ಫೋನ್ ಮಾಡಿಯೇಬಿಟ್ಟಳು. ಅವಸರದಲ್ಲಿ ಸ್ಪೀಕರು ಒತ್ತಿಹೋಯಿತು.

“ಅಣ್ಣಾ, ಯಾಕೆ ಇನ್ನೂ ಅಲ್ಲೇ ಇದೆ?”

“ಮುಚ್ಚಳದ ಮೇಲೆ ಯಾವನೋ ಕಾರು ನಿಲ್ಲಿಸಿ ಹೋಗಿದಾನೆ. ಕಾಯ್ತಾ ಇದೀನಿ.”

“ಅಕ್ಕಪಕ್ಕ ಕೇಳಿದ್ಯಾ?”

“ಎಲ್ಲಾ ಅಂಗಡಿಯಲ್ಲೂ ಕೇಳ್ದೆ. ಯಾರದು ಅಂತ ಯಾರಿಗೂ ಗೊತ್ತಿಲ್ಲ.”

ಅವಳು ನನ್ನ ಕಡೆ ನೋಡಿದಳು, ಗಡಿಯಾರ ನೋಡಿದಳು.

“ಕಾರಿನ ಪಕ್ಕದಲ್ಲಿ ನಿಂತು ಒತ್ತಿಬಿಡು.”

“ಏನಂದೆ?”

“ಒಂದೆರಡು ಹೆಜ್ಜೆ ತಾನೆ ವ್ಯತ್ಯಾಸ? ಒಂದೇ ಒಂದು ವಾಲ್ವು. ನಾಳೆ ಹೋಗಿ ಸರಿಮಾಡಿದ್ರಾಯ್ತು. ಯಾರಿಗೂ ಗೊತ್ತಾಗಲ್ಲ ಅಣ್ಣ. ಒತ್ತಿಬಿಡು, ನಿನ್ನ ದಮ್ಮಯ್ಯ ಅಂತೀನಿ.”

“ಆಗಲ್ಲ.”

“ನಾಳೆ ನಿನಗೆ ಐವತ್ತು!”

“ನನ್ನ ಹುಟ್ಟಿದ ದಿನ ನನಗೇ ಹೇಳ್ಕೊಡ್ಬೇಡ. ನಡುರಸ್ತೆಯಲ್ಲಿ ನಿಲ್ಲಿಸಿ ಇಷ್ಟು ದಿನ ಬೇಯಿಸಿದ್ದೀಯ. ಈಗ ಒಂದಕ್ಕೆ ಮಾತ್ರ ಪಕ್ಕದಲ್ಲಿ ನಿಲ್ಲು ಅಂದ್ರೆ ನಿಲ್ತೀನಾ?” ಫೋನ್ ಕಟ್ಟಾಯಿತು.

ಐದೂವರೆಗೆ ಸಾಹೇಬರು ಚೀಲ ಎತ್ತಿಕೊಂಡರು. ನಾನು ಬಾಗಿಲಲ್ಲಿ ಅಡ್ಡ ನಿಂತು ಅಂಗಲಾಚಿದೆ. “ಮುಗಿದಿಲ್ಲ ಅಂದ್ಮೇಲೆ ನಾನೇನ್ರೀ ಮಾಡ್ಲಿ?” ಎಂದು ಹೊರಟೇ ಹೋದರು. ಕಚೇರಿ ಖಾಲಿಯಾಯಿತು. ಅವಳು ಕುರ್ಚಿಯ ಅಂಚಿನಲ್ಲಿ ಕೂತು ಆ ಒಂದು ಚುಕ್ಕಿಯನ್ನೇ ನೋಡುತ್ತಿದ್ದಳು. “ನಾನೇ ಹಾಳುಮಾಡಿದೆ,” ಎಂದು ಎರಡು ಸಲ ಅಂದಳು. ನನಗೂ ಹಾಗೇ ಅನಿಸುತ್ತಿತ್ತು. ಆರು ಇಪ್ಪತ್ತಕ್ಕೆ ಚುಕ್ಕಿ ಹಾರಿತು. ಇಬ್ಬರೂ ಕಿಟಕಿ ಮುಚ್ಚಿ ಮನೆಗೆ ಹೋದೆವು.

ಬೆಳಿಗ್ಗೆ ಸಾಹೇಬರು ಬಂದವರೇ ತಮ್ಮ ಫೋನಿನಲ್ಲಿ ಬಡಪಾಯಿಯನ್ನು ತೆರೆದು ಎಂಬತ್ತೆಂಟನ್ನು ಒತ್ತಿದರು. ಸಾಲು ಬಂತು: ಅಳೆದವನು, ದಿನ, ಗಂಟೆ. ಕನ್ನಡಕ ಹಣೆಗೇರಿಸಿ ಓದಿದರು. “ತಾರೀಖು ನಿನ್ನೇದೇ ಅಲ್ವೇನ್ರೀ? ಕೆಲಸ ಮುಗಿದಿದ್ದು ನಿನ್ನೆ, ನಿನ್ನೆ ಅವನಿಗೆ ಐವತ್ತಾಗಿರಲಿಲ್ಲ,” ಎಂದವರೇ ‘ಕೆಲಸ ಪೂರ್ಣಗೊಂಡ ದಿನದಿಂದ ಕಾಯಂ’ ಎಂದು ಬರೆದು ಸಹಿ ಹಾಕಿದರು. ಮೂವತ್ತು ವರ್ಷ ಕಡತದಲ್ಲಿ ತಲೆ ಹುದುಗಿಸಿದ ನನಗೆ ಈ ದಾರಿ ಹೊಳೆದಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹಿಗ್ಗಾಯಿತು.

ಆದೇಶ ತೆಗೆದುಕೊಳ್ಳಲು ಕೀಲಿಯಣ್ಣ ಬಂದ. ಮೂಗಿನ ಮೇಲಿನ ಚರ್ಮ ಸಿಪ್ಪೆ ಎದ್ದಿತ್ತು. ನಾನು ತೋರಿಸಿದಲ್ಲಿ ಸಹಿ ಹಾಕಿದ, ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ. ಎದುರಿಗೆ ತಂಗಿ ತಲೆ ಎತ್ತದೆ ಏನೋ ಟೈಪು ಮಾಡುತ್ತಿರುವಂತೆ ನಟಿಸುತ್ತಿದ್ದಳು, ಪರದೆ ಆರಿತ್ತು. ಅವನು ಅವಳ ಮೇಜಿನ ಮುಂದೆ ಹೋಗಿ ನಿಂತ. ನಾನು ಕೇಳಿಸಿಕೊಳ್ಳುತ್ತಿಲ್ಲವೆಂದು ತಿಳಿದು, ಬಗ್ಗಿ, ನಲವತ್ತೆಂಟು ದಿನದ ಮೇಲೆ ಮುಖ ನೋಡಿ ಮೊದಲ ಮಾತು ಆಡಿದ.

“ನಿನ್ನೆ ಫೋನಲ್ಲಿ ನೀನು ಹೇಳಿದ್ದು, ನಾನು ಯಾರಿಗೂ ಹೇಳಲ್ಲ ಬಿಡು.”